ಅಮೆರಿಕದ ಸಂಸ್ಥಾನಗಳಲ್ಲಿ ಕಡ್ಡಾಯ ಮೋಟಾರು ವಿಮೆ



1925ನೆಯ ಇಸವಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಫೋರ್ಡ್ ಕಾರ್ಖಾನೆಯ ಅತ್ಯಂತ ಅಗ್ಗದ ಮೋಟಾರು ಗಾಡಿಯ ಬೆಲೆ 260 ಡಾಲರುಗಳಿಗೆ ಇಳಿದಿತ್ತು. ಅಷ್ಟು ಹಣವನ್ನು ಒಂದೇ ಸಲ ತೆರಲಾರದವನಿಗೆ ತಿಂಗಳ ಕಂತಿನ ಏರ್ಪಾಡೂ ಇದ್ದಿತು. ಹೀಗಾಗಿ ಮನೆಯಿಲ್ಲದವನೂ ಹೊಲವಿಲ್ಲದವನೂ ಬ್ಯಾಂಕಿನಲ್ಲಿ ಕಾಸಿಲ್ಲದವನೂ ಗಾಡಿಯ ಯಜಮಾನನಾದನು. ಆ ವರ್ಷ ಆ ದೇಶದ ರಸ್ತೆಗಳಲ್ಲಿ ಸುಮಾರು ಎರಡು ಕೋಟಿ ಮೋಟಾರು ವಾಹನಗಳು ಓಡಾಡುತ್ತಿದ್ದುವು. ಅವುಗಳಿಂದ ಸತ್ತವರು ಇಪ್ಪತ್ತು ಸಾವಿರಕ್ಕೂ ಮಿಗಿಲು. ಕೈಕಾಲು ಮುರಿದುಕೊಂಡವರ ಸಂಖ್ಯೆ ಇದರ ಎಷ್ಟೋ ಪಾಲು.

ಈಗ ಒಬ್ಬ ಕೂಲಿಗಾರನು ಬೀದಿಯನ್ನು ದಾಟುತ್ತಿರುವಾಗ ಇಂತಹ ಒಂದು ಗಾಡಿ ಬಂದು ಅವನ ಕಾಲಿನ ಮೇಲೆ ಹಾಯಿತೆಂದು ಭಾವಿಸೋಣ. ತಪ್ಪು ಗಾಡಿಯವನದೇ, ಸಾಕ್ಷಿಗಳೂ ಉಂಟು. ಕೂಲಿಗಾರನು ವಕೀಲನನ್ನು ಹಿಡಿದು ಕೋರ್ಟಿಗೆ ಹೋಗುತ್ತಾನೆ. ಒಂದೆರಡು ವರ್ಷಗಳ ಮೇಲೆ ಐದು ಸಾವಿರ ಡಾಲರುಗಳಿಗೆ ಡಿಕ್ರಿ ಆಗುತ್ತದೆ. ಅಷ್ಟರಲ್ಲಿ ಗಾಡಿಯು ಹಳೆಯ ಕಬ್ಬಿಣವಾಗಿರುತ್ತದೆ. ಗಾಡಿಯವನ ಹತ್ತಿರ ಜಪ್ತಿ ಮಾಡುವುದಕ್ಕೆ ಬೇರೇನೂ ಇರುವುದಿಲ್ಲ. ಡಿಕ್ರಿಯ ಕಾಗದವನ್ನು ನೀರಿನಲ್ಲಿ ನೆನೆಸಿ ಕುಡಿಯಬೇಕಷ್ಟೆ. ನ್ಯಾಯವೂ ದೊರೆಯಿತು, ಹಣವೂ ದೊರೆಯಲಿಲ್ಲ. ಇದು ಯಾರೋ ಒಬ್ಬನ ದುರದೃಷ್ಟವಾಗಿದ್ದರೆ ಚರಿತ್ರೆಕಾರನಿಗೆ ಇದರಲ್ಲಿ ಕೆಲಸವಿಲ್ಲ. ಸಾವಿರಾರು ಸಂಸಾರಗಳ ಪಾಡು ಇದೇ ಆದಾಗ ಶಾಸನಸಭೆಗಳು ಎಚ್ಚರಗೊಂಡುವು. ಅವು ಏನು ಮಾಡಿದುವು, ಮಾಡಿದುದರಲ್ಲಿ ಬಿದ್ದವನಿಗೆ ಎಷ್ಟು ದಕ್ಕಿತು ಎಂಬುದೇ ನಮ್ಮ ಈ ಭಾಷಣದ ವಿಷಯ.

ಮೋಟಾರು ವಿಮೆಯು ಅದಕ್ಕೆ ಮುಂಚೆ ಇರಲಿಲ್ಲವೆಂದಲ್ಲ. 1898ರಲ್ಲಿಯೇ ಹಾರ್ಟ್‌ಫರ್ಡ್ ನಗರದ ಟ್ರಾವೆಲರ್ಸ್ ಕಂಪೆನಿಯು ಬಫಲೋ ಪಟ್ಟಣದ ಒಬ್ಬ ವೈದ್ಯರಿಗೆ ಇಂತಹ ವಿಮಾಪತ್ರವನ್ನು ಕೊಟ್ಟಿತ್ತು. ಮೋಟಾರಿಗೆಂದು ಬೇರೆ ನಮೂನೆ ಇನ್ನೂ ಹುಟ್ಟದಿದ್ದುದರಿಂದ ಕುದುರೆಗಾಡಿಯ ಯಜಮಾನರಿಗೆ ಕೊಡುತ್ತಿದ್ದ ಹೊಣೆಗಾರಿಕೆಯ ಪತ್ರವನ್ನೇ ಮಾದರಿಯಾಗಿ ಇಟ್ಟುಕೊಂಡರು. ಈ ವಿಮೆಯು ಯಾರ ರಕ್ಷಣೆಗಾಗಿ ಎಂಬುದನ್ನು ಇಲ್ಲಿ ಗಮನಿಸಬೇಕು. ಆಸ್ತಿವಂತನಾದವನು ತನ್ನ ಗಾಡಿಯಿಂದ ಇನ್ನೊಬ್ಬನಿಗೆ ಪೆಟ್ಟಾದರೆ ತನ್ನ ಆಸ್ತಿ ಹೋದೀತೆಂದು ಹೆದರಿ ವಿಮೆ ಮಾಡಿಸುತ್ತಿದ್ದನು. ಆಸ್ತಿಯೇ ಇಲ್ಲದವನಿಗೆ ಆ ಹೆದರಿಕೆ ಏಕೆ? ಆದುದರಿಂದ ಯಾರ ಕೈಯಿಂದ ಹೇಗಾದರೂ ಪರಿಹಾರವನ್ನು ವಸೂಲು ಮಾಡಬಹುದಾಗಿತ್ತೋ ಅವನಲ್ಲಿ ವಿಮೆಯಿದ್ದಿತು. ಯಾರ ಕೈಯಿಂದ ಏನೂ ಹುಟ್ಟದೋ ಅವನಲ್ಲಿ ವಿಮೆಯೂ ಇರಲಿಲ್ಲ. ಪೆಟ್ಟು ತಿಂದವನ ಕಡೆಯಿಂದ ನೋಡಿದರೆ ಇದಕ್ಕಿಂತ ತಲೆಕೆಳಗಾದ ವ್ಯವಸ್ಥೆಯನ್ನು ಊಹಿಸುವುದು ಕಷ್ಟ.

ಅಮೆರಿಕದಲ್ಲಿ ಇಂತಹ ವಿಷಯಗಳಿಗೆ ಇಡೀ ದೇಶಕ್ಕೆ ಒಂದೇ ಕಾಯಿದೆಯಿಲ್ಲ. ಒಂದೊಂದು ಸಂಸ್ಥಾನವೂ ತನಗೆ ತೋರಿದಂತೆ ಮಾಡಿಕೊಳ್ಳುತ್ತದೆ. 1925ರಲ್ಲಿ ಅಕ್ಕಪಕ್ಕದ ಎರಡು ಸಂಸ್ಥಾನಗಳು ಈ ರೋಗಕ್ಕೆ ಎರಡು ಬಗೆಯ ಮದ್ದನ್ನು ಅರೆದುವು. ಒಂದು ಕನೆಕ್ಟಿಕಟ್, ಮತ್ತೊಂದು ಮೆಸಚೂಸೆಟ್ಸ್. ಮುಂದೆ ನೂರು ವರ್ಷಗಳ ಕಾಲ ಆ ದೇಶದಲ್ಲಿ ನಡೆದ ವಾದವೆಲ್ಲವೂ ಈ ಎರಡರ ನಡುವಣ ವಾದವೇ ಎನ್ನಬಹುದು.

ಕನೆಕ್ಟಿಕಟ್ಟಿನ ಕಾಯಿದೆಗೆ ಆರ್ಥಿಕ ಹೊಣೆಗಾರಿಕೆಯ ಕಾಯಿದೆಯೆಂದು ಹೆಸರು. ಯಾರೂ ಮೊದಲೇ ವಿಮೆ ಮಾಡಿಸಬೇಕಾಗಿಲ್ಲ. ಆದರೆ ಒಬ್ಬನ ಗಾಡಿಯಿಂದ ಸಾವೋ ಗಾಯವೋ ದೊಡ್ಡ ನಷ್ಟವೋ ಸಂಭವಿಸಿದರೆ, ಅಂದಿನಿಂದ ಮುಂದಕ್ಕೆ ತಾನು ಪರಿಹಾರ ಕೊಡಬಲ್ಲೆನೆಂಬುದಕ್ಕೆ ವಿಮೆಯನ್ನೋ ಜಾಮೀನನ್ನೋ ತೋರಿಸಬೇಕು. ತೋರಿಸದಿದ್ದರೆ ಗಾಡಿಯನ್ನು ರಸ್ತೆಗೆ ತರಕೂಡದು. ಮಾತು ಕೇಳುವುದಕ್ಕೆ ಇಂಪಾಗಿದೆ: ಎಚ್ಚರಿಕೆಯಿಂದ ನಡೆಸುವವನಿಗೆ ತೊಂದರೆಯಿಲ್ಲ, ಅಜಾಗರೂಕನಿಗೆ ಮಾತ್ರ ಕಡಿವಾಣ. ಆದರೆ ಮೊದಲನೆಯ ಪೆಟ್ಟು ತಿಂದವನ ಗತಿಯೇನು? ಆ ಜಾಮೀನು ಮುಂದೆ ಪೆಟ್ಟು ತಿನ್ನಬಹುದಾದ ಬೇರೊಬ್ಬನ ಉಪಯೋಗಕ್ಕೆ. ಈಗ ಆಸ್ಪತ್ರೆಯಲ್ಲಿ ಮಲಗಿರುವವನಿಗೆ ಅದರಿಂದ ಕವಡೆಯೂ ಇಲ್ಲ. ಪ್ರತಿಯೊಬ್ಬನಿಗೂ ಒಂದು ಅಪಘಾತವನ್ನು ಉಚಿತವಾಗಿ ಮಾಡುವ ಹಕ್ಕನ್ನು ಈ ಕಾಯಿದೆ ಕೊಟ್ಟಿದೆಯೆಂದು ಅಲ್ಲಿನ ಟೀಕಾಕಾರರು ಹಾಸ್ಯ ಮಾಡಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದರೆಂದು ನಮ್ಮವರು ಹೇಳುತ್ತಿದ್ದರು.

ಮೆಸಚೂಸೆಟ್ಸ್ ಬೇರೆ ದಾರಿಯನ್ನು ಹಿಡಿಯಿತು. ಗಾಡಿಯನ್ನು ವರ್ಷವರ್ಷವೂ ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕಷ್ಟೆ. ಆ ನೋಂದಣಿಯ ಹೊಸ್ತಿಲಿನಲ್ಲಿಯೇ ಅದು ಕಾವಲು ಕುಳಿತಿತು. ವಿಮಾಪತ್ರವನ್ನಾಗಲಿ, ಜಾಮೀನುಪತ್ರವನ್ನಾಗಲಿ, ಇವೆರಡೂ ಇಲ್ಲದಿದ್ದರೆ ಐದು ಸಾವಿರ ಡಾಲರುಗಳ ಠೇವಣಿಯನ್ನಾಗಲಿ ತೋರಿಸಿದ ಹೊರತು ಗಾಡಿಗೆ ನಂಬರು ಕೊಡತಕ್ಕುದಲ್ಲ. ಒಬ್ಬನಿಗೆ ಗಾಯವಾದರೆ ಅಥವಾ ಅವನು ಸತ್ತರೆ 5,000 ಡಾಲರುಗಳವರೆಗೆ, ಒಂದೇ ಅಪಘಾತದಲ್ಲಿ ಹಲವರಿಗೆ ಪೆಟ್ಟಾದರೆ ಒಟ್ಟು 10,000ದವರೆಗೆ ಆ ವಿಮೆ ಹೊಣೆಯಾಗಬೇಕು. ಗಾಡಿಗಾಗಲಿ ಗೋಡೆಗಾಗಲಿ ಆದ ನಷ್ಟವನ್ನು ಕಾಯಿದೆ ಕೈಬಿಟ್ಟಿತು. ಅದಕ್ಕೆ ಬೇಕಾಗಿದ್ದುದು ಮನುಷ್ಯನ ಮೈ. 1925ರಲ್ಲಿ ಮಸೂದೆ ಶಾಸನಸಭೆಯ ಮುಂದಿದ್ದಾಗಲೇ ಆ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯದ ಅಭಿಪ್ರಾಯವನ್ನು ಕೇಳಿದರು. ಸಾರ್ವಜನಿಕರ ರಸ್ತೆಯ ಮೇಲೆ ಅಪಾಯಕರವಾದ ಯಂತ್ರವನ್ನು ನಡೆಸುವವನಿಗೆ ಇಂತಹ ನಿಬಂಧನೆ ಹಾಕುವುದು ರಾಜ್ಯಾಂಗಕ್ಕೆ ವಿರೋಧವಲ್ಲವೆಂದು ನ್ಯಾಯಾಧೀಶರು ಹೇಳಿದರು. 1927ನೆಯ ಜನವರಿ 1ನೆಯ ತಾರೀಖು ಕಾಯಿದೆ ಜಾರಿಗೆ ಬಂದಿತು.

ಈ ಕಾಯಿದೆಯ ಒಳಗೆ ಒಂದು ಸಣ್ಣ ಕಲಮು ಉಂಟು. ನಮ್ಮ ದೃಷ್ಟಿಯಲ್ಲಿ ಕಾಯಿದೆಯ ಪ್ರಾಣವಿರುವುದು ಅಲ್ಲಿಯೇ. ಸಾಧಾರಣವಾಗಿ ವಿಮೆಯೆಂದರೆ ಇಬ್ಬರ ನಡುವಣ ಕರಾರು. ವಿಮೆ ಮಾಡಿಸಿದವನು ಸುಳ್ಳು ಹೇಳಿದ್ದರೆ, ಅಪಘಾತದ ಸುದ್ದಿಯನ್ನು ಹೊತ್ತಿಗೆ ಸರಿಯಾಗಿ ತಿಳಿಸದಿದ್ದರೆ, ಕಂಪೆನಿಯು ಕರಾರು ಮುರಿಯಿತೆಂದು ಕೈ ಕೊಡವಿಕೊಳ್ಳಬಹುದು. ಮೆಸಚೂಸೆಟ್ಸ್ ಇದನ್ನು ತಡೆಯಿತು. ವಿಮೆ ಮಾಡಿಸಿದವನ ಯಾವ ಕೃತ್ಯವೂ ಯಾವ ಲೋಪವೂ ಪೆಟ್ಟು ತಿಂದವನ ಹಕ್ಕನ್ನು ಕೆಡಿಸಲಾರದೆಂದು ವಿಧಿಸಿತು. ಕಂಪೆನಿಯು ಮೊದಲು ಗಾಯಗೊಂಡವನಿಗೆ ಹಣ ಕೊಡಬೇಕು. ಆಮೇಲೆ ಬೇಕಾದರೆ ತನ್ನ ಗಿರಾಕಿಯ ಮೇಲೆ ಜಗಳವಾಡಿಕೊಳ್ಳಲಿ. ಕರಾರಿಗೆ ಸಹಿ ಹಾಕದ, ಅದರ ಸುದ್ದಿಯನ್ನೇ ಕೇಳದ, ದಾರಿಯಲ್ಲಿ ತನ್ನಷ್ಟಕ್ಕೆ ತಾನು ಹೋಗುತ್ತಿದ್ದ ಮೂರನೆಯವನೇ ಆ ಕರಾರಿನ ನಿಜವಾದ ಒಡೆಯನಾದನು. ಕುದುರೆಗಾಡಿಯ ಕಾಲದ ಪತ್ರವು ಆಸ್ತಿವಂತನ ಭಯದಿಂದ ಹುಟ್ಟಿತು. ಈ ಪತ್ರವು ನಿರ್ಗತಿಕನ ಗಾಯದಿಂದ ಹುಟ್ಟಿತು.

ಕೆಲಸ ಸುಸೂತ್ರವಾಗಿ ನಡೆಯಿತೆಂದು ಹೇಳುವಂತಿಲ್ಲ. ವಿಮೆ ಕಡ್ಡಾಯವಾದ ಮೇಲೆ ಅದರ ದರವನ್ನು ಕಂಪೆನಿಗಳ ಇಷ್ಟಕ್ಕೆ ಬಿಡಲಾಗುವುದಿಲ್ಲ; ಸರ್ಕಾರದ ವಿಮಾ ಕಮಿಷನರು ದರವನ್ನು ಗೊತ್ತುಮಾಡತೊಡಗಿದರು. ದರ ಸರ್ಕಾರದ ಕೈಗೆ ಬಂದೊಡನೆ ಅದು ಚುನಾವಣೆಯ ಮಾತಾಯಿತು. ಬಾಸ್ಟನ್ ಪಟ್ಟಣದ ಜನಸಂದಣಿಯಲ್ಲಿ ಅಪಘಾತ ಹೆಚ್ಚು. ಆದುದರಿಂದ ಅಲ್ಲಿಯವರಿಗೆ ದರವೂ ಹೆಚ್ಚು. ಹಳ್ಳಿಯವರಿಗೆ ಕಡಮೆ. ಪಟ್ಟಣದವರು ಇಡೀ ಸಂಸ್ಥಾನಕ್ಕೆ ಒಂದೇ ದರ ಬೇಕೆಂದು ಕೂಗಿದರು. ಹಳ್ಳಿಯವರು ನಾವೇಕೆ ಅವರ ಗಾಯಗಳಿಗೆ ಕೊಡಬೇಕೆಂದರು. ಪಟ್ಟಣದಲ್ಲಿದ್ದುಕೊಂಡು ಹಳ್ಳಿಯ ವಿಳಾಸದಲ್ಲಿ ಗಾಡಿಯನ್ನು ನೋಂದಣಿ ಮಾಡಿಸುವ ಜಾಣರೂ ಹುಟ್ಟಿಕೊಂಡರು. ಪ್ರತಿ ಗಾಡಿಯ ಹಿಂದೆಯೂ ಒಂದು ಕಂಪೆನಿಯ ಹಣದ ಪೆಟ್ಟಿಗೆಯಿದೆಯೆಂದು ತಿಳಿದ ಮೇಲೆ, ತರಚಿದ ಗಾಯವನ್ನು ಮುರಿದ ಮೂಳೆಯೆಂದು ಹೇಳುವವರೂ, ಅವರಿಗೆ ಬೆಂಬಲವಾಗಿ ವೈದ್ಯರೂ ವಕೀಲರೂ ಕೂಡಿ ಬಂದರು. ಕಂಪೆನಿಯವರು ಅಪಾಯವೆಂದು ತಳ್ಳಿಹಾಕಿದವನಿಗೆ ಅಹವಾಲು ಹೇಳಿಕೊಳ್ಳುವುದಕ್ಕೆ ಒಂದು ಅಪೀಲು ಮಂಡಲಿಯನ್ನೂ ಏರ್ಪಡಿಸಬೇಕಾಯಿತು.

ವಿಮಾ ಕಂಪೆನಿಗಳೇ ಕಡ್ಡಾಯ ವಿಮೆಯನ್ನು ಬಲವಾಗಿ ವಿರೋಧಿಸಿದುವು ಎಂದರೆ ಕೇಳುವವರಿಗೆ ಆಶ್ಚರ್ಯವಾಗಬಹುದು. ಪ್ರತಿಯೊಬ್ಬನೂ ತನ್ನ ಸರಕನ್ನು ಕೊಳ್ಳಲೇಬೇಕೆಂದು ಕಾಯಿದೆ ಹೇಳಿದರೆ ಯಾವ ವರ್ತಕನು ಬೇಡವೆನ್ನುತ್ತಾನೆ? ಆದರೆ ಅವರ ಅಂಜಿಕೆ ಬೇರೆ. ಕಡ್ಡಾಯದ ಹಿಂದೆಯೇ ದರದ ನಿಯಂತ್ರಣ ಬರುತ್ತದೆ. ಅದರ ಹಿಂದೆ ಸರ್ಕಾರವೇ ವಿಮೆಯ ಅಂಗಡಿಯನ್ನು ತೆರೆಯುವ ದಿನ ಬಂದೀತು. ಎಂತಹ ಕುಡುಕನನ್ನೂ ಗಿರಾಕಿಯಾಗಿ ಒಪ್ಪಬೇಕಾದೀತು. ಹಾರ್ಟ್‌ಫರ್ಡ್ ನಗರವು ಅಮೆರಿಕದ ವಿಮೆಯ ರಾಜಧಾನಿಯೆಂದು ಪ್ರಸಿದ್ಧವಾದುದು. ಆ ನಗರವಿರುವುದು ಕನೆಕ್ಟಿಕಟ್ಟಿನಲ್ಲಿ. ಕಡ್ಡಾಯವಿಲ್ಲದ ಮದ್ದು ಅರೆಯಲ್ಪಟ್ಟುದು ಅಲ್ಲಿಯೇ ಎಂಬುದನ್ನು ಕೇವಲ ಕಾಕತಾಳೀಯವೆಂದು ನಾವು ಒಪ್ಪುವುದು ಕಷ್ಟ. ಅಮೆರಿಕದ ಮೋಟಾರು ಸಂಘದವರೂ ಕನೆಕ್ಟಿಕಟ್ಟಿನ ಬಗೆಯ ಕಾಯಿದೆಯನ್ನೇ ಎತ್ತಿ ಹಿಡಿದರು. ಒಂದಾದ ಮೇಲೊಂದು ಸಂಸ್ಥಾನ ಆ ದಾರಿಯಲ್ಲಿ ನಡೆಯಿತು. ಮೆಸಚೂಸೆಟ್ಸ್ ಸುಮಾರು ಮೂವತ್ತು ವರ್ಷಗಳ ಕಾಲ ಒಂಟಿಯಾಗಿ ನಿಂತಿತ್ತು.

ಈ ನಡುವೆ 1932ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಒಂದು ಸಮಿತಿಯು ತನ್ನ ವರದಿಯನ್ನು ಪ್ರಕಟಿಸಿತು. ಸಾವಿರಾರು ಅಪಘಾತಗಳ ಹಿಂದೆ ಹೋಗಿ, ಗಾಯಗೊಂಡವರ ಮನೆಗಳಲ್ಲಿ ವಿಚಾರಿಸಿ, ಯಾರಿಗೆ ಎಷ್ಟು ಹಣ ಬಂದಿತೆಂದು ಲೆಕ್ಕ ಹಾಕಿದ ವರದಿ ಅದು. ಗಾಡಿಯವನಿಗೆ ವಿಮೆಯಿದ್ದಲ್ಲಿ ಬಹುಮಂದಿಗೆ ಏನಾದರೂ ದೊರೆತಿತ್ತು. ವಿಮೆಯಿಲ್ಲದಲ್ಲಿ ಬಹುಮಂದಿಗೆ ಏನೂ ದೊರೆತಿರಲಿಲ್ಲ. ದೊರೆತಲ್ಲಿಯೂ ಅದು ಹದವಾಗಿರಲಿಲ್ಲ: ಸಣ್ಣ ಗಾಯದವನಿಗೆ ಧಾರಾಳ, ಜೀವಮಾನವೆಲ್ಲ ಕುಂಟಾದವನಿಗೆ ಅರೆಹೊಟ್ಟೆ. ಕಾರ್ಖಾನೆಯ ಕೂಲಿಗಾರರಿಗೆ ಪೆಟ್ಟಾದರೆ ತಪ್ಪು ಯಾರದೆಂದು ಕೇಳದೆ ಗೊತ್ತಾದ ಪರಿಹಾರ ಕೊಡುವ ಪದ್ಧತಿ ಆಗಲೇ ರೂಢಿಗೆ ಬಂದಿತ್ತಷ್ಟೆ. ರಸ್ತೆಗೂ ಅದನ್ನೇ ತರಬೇಕೆಂದು ಸಮಿತಿ ಸಲಹೆ ಮಾಡಿತು. ಸಲಹೆಯನ್ನು ಹೊಗಳಿದವರು ಅನೇಕರು. ಕಾಯಿದೆ ಮಾಡಿದವರು ಆಗ ಯಾರೂ ಇಲ್ಲ. ಅದಕ್ಕೆ ಹೋಲುವ ಏರ್ಪಾಡನ್ನು ಮೆಸಚೂಸೆಟ್ಸ್ 1970ರಲ್ಲಿ ಅಂಗೀಕರಿಸಿ 1971ರ ಜನವರಿಯಿಂದ ನಡೆಸತೊಡಗಿತು. ತಪ್ಪಿನ ವಿಚಾರವಿಲ್ಲದೆ 2,000 ಡಾಲರುಗಳವರೆಗೆ ಪ್ರತಿಯೊಬ್ಬನಿಗೂ ಅವನವನ ಕಂಪೆನಿಯೇ ಕೊಡಬೇಕೆಂಬುದು ಅದರ ಸಾರ. ಮುಂದೆ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ ಮೈಕೆಲ್ ಡುಕಾಕಿಸ್ ಅವರು ಶಾಸನಸಭೆಯ ಕಿರಿಯ ಸದಸ್ಯರಾಗಿದ್ದಾಗ ಅದಕ್ಕಾಗಿ ವಾದಿಸಿದರು.

ಕನೆಕ್ಟಿಕಟ್ಟಿನ ದಾರಿಯಲ್ಲಿದ್ದ ಸಂಸ್ಥಾನಗಳಿಗೂ ಮೊದಲನೆಯ ಪೆಟ್ಟಿನವನ ಗೋಳು ಕೇಳಿಸದಿರಲಿಲ್ಲ. 1937ರಲ್ಲಿ ನ್ಯೂ ಹ್ಯಾಂಪ್‌ಶೈರ್ ಒಂದು ತಿದ್ದುಪಡಿಯನ್ನು ಕಂಡುಹಿಡಿಯಿತು: ವಿಮೆಯಿಲ್ಲದೆ ಅಪಘಾತದಲ್ಲಿ ಸಿಕ್ಕಿಕೊಂಡವನು ಮುಂದಿನದಕ್ಕೆ ಮಾತ್ರವಲ್ಲದೆ ಆಗಿಹೋದ ಅಪಘಾತಕ್ಕೂ ಹಣವನ್ನು ಇಡಗಂಟಾಗಿ ಕಟ್ಟಬೇಕು, ಕಟ್ಟದಿದ್ದರೆ ಲೈಸೆನ್ಸು ಹೋಯಿತು. 1947ರಲ್ಲಿ ಉತ್ತರ ಡಕೋಟ ಇನ್ನೊಂದು ಉಪಾಯವನ್ನು ಹೂಡಿತು. ಗಾಡಿಗಳ ನೋಂದಣಿಯ ಜೊತೆಗೆ ಸ್ವಲ್ಪ ಹಣವನ್ನು ಕೂಡಿಸಿ ಒಂದು ನಿಧಿ ಮಾಡಿ, ವಸೂಲಾಗದ ಡಿಕ್ರಿಗಳಿಗೆ ಅದರಿಂದ ಕೊಡುವುದು. ಕಡೆಗೆ ನ್ಯೂಯಾರ್ಕ್ ಸಂಸ್ಥಾನವು 1956ರಲ್ಲಿ, ಉತ್ತರ ಕೆರೊಲಿನವು 1957ರಲ್ಲಿ ಮೆಸಚೂಸೆಟ್ಸಿನಂತೆ ಕಡ್ಡಾಯ ವಿಮೆಯ ಕಾಯಿದೆಯನ್ನು ಮಾಡಿದುವು. 1970ರ ಮೇಲಿನ ದಶಕಗಳಲ್ಲಿ ಮಿಕ್ಕವು ಹಿಂಡುಹಿಂಡಾಗಿ ಬಂದುವು.

ನಮ್ಮ ದೇಶಕ್ಕೆ ಈ ಪದ್ಧತಿ ಬಂದುದು ಅಮೆರಿಕದಿಂದಲ್ಲ, ಇಂಗ್ಲೆಂಡಿನಿಂದ. ಇಂಗ್ಲೆಂಡಿನವರು 1930ರ ರಸ್ತೆ ಸಂಚಾರದ ಕಾಯಿದೆಯಿಂದ ಮೂರನೆಯವರ ವಿಮೆಯನ್ನು ಕಡ್ಡಾಯ ಮಾಡಿದರು. ಭಾರತದಲ್ಲಿ 1936-37ರ ಮೋಟಾರು ವಿಮಾ ಸಮಿತಿಯ ವರದಿಯಾದ ಮೇಲೆ 1939ರ ಮೋಟಾರು ವಾಹನಗಳ ಕಾಯಿದೆಯ ಎಂಟನೆಯ ಅಧ್ಯಾಯದಲ್ಲಿ ಅದು ಸೇರಿತು. ಕಂಪೆನಿಗಳೂ ಗಾಡಿಯವರೂ ಸಿದ್ಧರಾಗಲೆಂದು ಆ ಅಧ್ಯಾಯವನ್ನು ತಡೆದಿಟ್ಟು 1946ರ ಜುಲೈ 1ರಿಂದ ಜಾರಿಗೆ ತಂದರು. ಅದೇ 1946ರಲ್ಲಿ ಇಂಗ್ಲೆಂಡಿನ ಕಂಪೆನಿಗಳು ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು, ವಿಮೆಯಿಲ್ಲದವನ ಗಾಡಿಯಿಂದ ಪೆಟ್ಟು ತಿಂದವನಿಗೆ ತಾವೇ ಕೂಡಿ ಕೊಡುವ ಒಂದು ಕಚೇರಿಯನ್ನು ತೆರೆದುವು. ನಮ್ಮಲ್ಲಿ 1956ರ ತಿದ್ದುಪಡಿಯಿಂದ ಪರಿಹಾರದ ವಿಶೇಷ ನ್ಯಾಯಮಂಡಲಿಗಳು ಬಂದುವು. 1939ರ ಕಾಯಿದೆಗೆ ಬದಲಾಗಿ ಬಂದ 1988ರ ಕಾಯಿದೆಯ 146ನೆಯ ಕಲಮಿನಲ್ಲಿ ಈಗ ಆ ಕಡ್ಡಾಯವಿದೆ. ವಿಮೆಯಿಲ್ಲದೆ ನಡೆಸಿದವನಿಗೆ ಮೂರು ತಿಂಗಳವರೆಗೆ ಕೈದು, ಇಲ್ಲವೆ 2019ರ ತಿದ್ದುಪಡಿಯಂತೆ 2,000 ರೂಪಾಯಿ ಜುಲ್ಮಾನೆ, ಎರಡನೆಯ ಸಲಕ್ಕೆ 4,000. ಗಾಡಿಯೇ ಸಿಕ್ಕದೆ ಓಡಿಹೋದಲ್ಲಿ ಸತ್ತವನ ಮನೆಯವರಿಗೆ 2022ರಿಂದ ಎರಡು ಲಕ್ಷ ರೂಪಾಯಿ ಗೊತ್ತಾಗಿದೆ. ಈ ಕಥೆಗೆ ಬೇರೊಂದು ಭಾಷಣವೇ ಬೇಕು. ನಾವು ಅಮೆರಿಕಕ್ಕೆ ಹಿಂದಿರುಗೋಣ.

ವಿಮೆ ಕಡ್ಡಾಯವೆಂದು ಬರೆದುಬಿಟ್ಟರೆ ಆಯಿತೆ? ಮಾಡಿಸದವನನ್ನು ಏನು ಮಾಡಬೇಕು? ಮೆಸಚೂಸೆಟ್ಸಿನ ಕಾಯಿದೆಯಂತೆ ಅವನಿಗೆ 500 ಡಾಲರುಗಳಿಂದ 5,000 ಡಾಲರುಗಳವರೆಗೆ ಜುಲ್ಮಾನೆ, ಅಥವಾ ಒಂದು ವರ್ಷದವರೆಗೆ ಸೆರೆ, ಅಥವಾ ಎರಡೂ. ಅದರ ಮೇಲೆ ಲೈಸೆನ್ಸಿನ ಅಮಾನತು. ಕೆಲವು ಕಡೆ ಜುಲ್ಮಾನೆ ಹಗುರ: ಕ್ಯಾಲಿಫೋರ್ನಿಯದಲ್ಲಿ ಮೊದಲ ಸಲಕ್ಕೆ ಮೂಲ ಜುಲ್ಮಾನೆ 100ರಿಂದ 200 ಡಾಲರು ಮಾತ್ರ, ಅದರ ಮೇಲೆ ಉಪತೆರಿಗೆಗಳು ಸೇರಿ ಬೆಳೆಯುತ್ತವೆ. ಲೆಕ್ಕದ ಈ ಭಾಗದಲ್ಲಿ ಒಂದು ವಿಷಯವನ್ನು ಯಾರೂ ಹೆಚ್ಚಾಗಿ ಎತ್ತುವುದಿಲ್ಲ. ಜುಲ್ಮಾನೆಯ ಹಣ ಹೋಗುವುದು ಖಜಾನೆಗೆ. ಮುರಿದ ಕಾಲಿನವನಿಗೆ ಅಲ್ಲ. ಬಡತನದಿಂದ ವಿಮೆಯ ಕಂತನ್ನು ಕಟ್ಟದವನಿಂದ ಜುಲ್ಮಾನೆಯನ್ನು ಕಿತ್ತರೆ, ನಾಳೆಯ ಕಂತಿಗೆಂದು ಇದ್ದ ಹಣವೂ ಹೋಗುತ್ತದೆ. ಲೈಸೆನ್ಸನ್ನು ಕಿತ್ತರೆ, ಬಸ್ಸಿಲ್ಲದ ಆ ದೇಶದ ಊರುಗಳಲ್ಲಿ ಕೆಲಸಕ್ಕೆ ಹೋಗುವ ದಾರಿಯೂ ಹೋಗುತ್ತದೆ. ಆಗ ಅವನು ಏನು ಮಾಡುತ್ತಾನೆ? ಲೈಸೆನ್ಸೂ ಇಲ್ಲದೆ ವಿಮೆಯೂ ಇಲ್ಲದೆ ಗಾಡಿಯನ್ನು ನಡೆಸುತ್ತಾನೆ.

ಈ ಮಾತು 1971ರಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಜಾರ್ಜಿಯ ಸಂಸ್ಥಾನದ ಒಬ್ಬ ಪಾದ್ರಿಗಳು ಮೂರು ಹಳ್ಳಿಗಳ ಜನರಿಗೆ ಧರ್ಮೋಪದೇಶ ಮಾಡುತ್ತಿದ್ದರು; ಊರಿಂದೂರಿಗೆ ಹೋಗುವುದಕ್ಕೆ ಗಾಡಿ ಅವರಿಗೆ ಅನಿವಾರ್ಯ. 1968ರ ನವೆಂಬರಿನ ಒಂದು ದಿನ ಐದು ವರ್ಷದ ಹುಡುಗಿಯೊಬ್ಬಳು ಸೈಕಲ್ಲಿನ ಮೇಲೆ ಬಂದು ಅವರ ಗಾಡಿಯ ಪಕ್ಕಕ್ಕೆ ಡಿಕ್ಕಿ ಹೊಡೆದಳು. ಪಾದ್ರಿಗಳಿಗೆ ವಿಮೆಯಿರಲಿಲ್ಲ. ಹುಡುಗಿಯ ತಂದೆತಾಯಿಗಳು 5,000 ಡಾಲರು ಪರಿಹಾರ ಕೇಳಿದರು. ಜಾರ್ಜಿಯದ ಕಾಯಿದೆಯಂತೆ ಕೇಳಿದಷ್ಟು ಹಣವನ್ನು ಇಡಗಂಟಾಗಿ ಕಟ್ಟದಿದ್ದರೆ ಲೈಸೆನ್ಸು ಅಮಾನತಾಗತಕ್ಕುದು. ಅಪಘಾತವನ್ನು ತಪ್ಪಿಸುವುದು ತಮಗೆ ಅಸಾಧ್ಯವಾಗಿತ್ತೆಂದು ಸಾಕ್ಷ್ಯ ಕೊಡುತ್ತೇವೆಂದು ಪಾದ್ರಿಗಳು ಹೇಳಿದರು. ತಪ್ಪು ಯಾರದೆಂಬುದು ಇಲ್ಲಿ ಅಪ್ರಕೃತವೆಂದು ಅಧಿಕಾರಿಗಳು ಉತ್ತರ ಕೊಟ್ಟರು. ಒಂದು ಕೋರ್ಟು ಪಾದ್ರಿಗಳ ಪರವಾಗಿ ಹೇಳಿತು; ಅದರ ಮೇಲಿನದು ಅದನ್ನು ತಿರುಗಿಸಿತು. ಬೆಲ್ ವಿರುದ್ಧ ಬರ್ಸನ್ ಎಂಬ ಆ ಮೊಕದ್ದಮೆಯಲ್ಲಿ ಪರಮೋಚ್ಚ ನ್ಯಾಯಾಲಯವು 1971ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಜೀವನೋಪಾಯಕ್ಕೆ ಲೈಸೆನ್ಸು ಆಧಾರವಾಗಿರುವಾಗ, ಅವನ ಮೇಲೆ ಡಿಕ್ರಿ ಆಗುವ ಸಂಭವವಾದರೂ ಉಂಟೆ ಎಂದು ವಿಚಾರಿಸದೆ ಅದನ್ನು ಕಿತ್ತುಕೊಳ್ಳಲಾಗದೆಂದು ನ್ಯಾಯಮೂರ್ತಿ ಬ್ರೆನನ್ ಅವರು ಬರೆದರು.

ಅದಾದ ಕೆಲವೇ ದಿನಗಳಲ್ಲಿ ಅರಿಜೋನ ಸಂಸ್ಥಾನದ ಇನ್ನೊಂದು ಮೊಕದ್ದಮೆ ತೀರಿತು. ವಿಮೆಯಿಲ್ಲದೆ ಅಪಘಾತ ಮಾಡಿದ ಒಬ್ಬನ ಮೇಲೆ ಎರಡು ಸಾವಿರ ಚಿಲ್ಲರೆ ಡಾಲರುಗಳ ಡಿಕ್ರಿ ಆಗಿತ್ತು. ಅವನು ದಿವಾಳಿಯೆದ್ದು, ದಿವಾಳಿಯ ಕಾಯಿದೆಯಂತೆ ಸಾಲಗಳಿಂದ ಬಿಡುಗಡೆ ಪಡೆದನು. ಆದರೂ ಡಿಕ್ರಿಯನ್ನು ತೀರಿಸುವವರೆಗೆ ಲೈಸೆನ್ಸಿಲ್ಲವೆಂದು ಸಂಸ್ಥಾನವು ಹಿಡಿದುಕೊಂಡಿತು. 1941ರಲ್ಲಿಯೂ 1962ರಲ್ಲಿಯೂ ಇಂತಹ ಹಿಡಿತವನ್ನು ಒಪ್ಪಿದ್ದ ಪರಮೋಚ್ಚ ನ್ಯಾಯಾಲಯವೇ ಈ ಸಲ ಒಪ್ಪಲಿಲ್ಲ. ಇಡೀ ದೇಶದ ದಿವಾಳಿ ಕಾಯಿದೆಯು ತೊಡೆದುಹಾಕಿದ ಸಾಲವನ್ನು ಒಂದು ಸಂಸ್ಥಾನವು ಲೈಸೆನ್ಸಿನ ಹಗ್ಗದಿಂದ ಎಳೆದು ವಸೂಲು ಮಾಡಕೂಡದೆಂದಿತು. ಎರಡು ತೀರ್ಪುಗಳೂ ನ್ಯಾಯವಾದುವೇ. ಆದರೆ ಎರಡರಲ್ಲಿಯೂ ಗಾಯಗೊಂಡವರು ಇದ್ದರೆಂಬುದನ್ನು ನಾವು ಮರೆಯಲಾಗದು. ದಿವಾಳಿಯವನು ಬಿಡುಗಡೆಯಾದ ದಿನ ಆ ಡಿಕ್ರಿದಾರನ ಕೈಯಲ್ಲಿ ಉಳಿದುದು 1925ರ ಕೂಲಿಗಾರನ ಕೈಯಲ್ಲಿದ್ದ ಕಾಗದವೇ. ಅಪಘಾತವಾದ ಮೇಲೆ ಹಣವನ್ನು ಹುಡುಕುವ ಕಾಯಿದೆಗಳು ಎಷ್ಟು ಬಿಗಿಯಾದರೂ ಬರಿಗೈಯಿಂದ ಹಣವನ್ನು ಹಿಂಡಲಾರವು. ಸಂಸ್ಥಾನಗಳು ಮೆಸಚೂಸೆಟ್ಸಿನ ಕಡೆಗೆ ತಿರುಗಿದುದಕ್ಕೆ ಇದು ಒಂದು ಕಾರಣವೆಂದು ನಮ್ಮ ಊಹೆ.

1996ರಲ್ಲಿ ಕ್ಯಾಲಿಫೋರ್ನಿಯದವರು ಜನಮತದಿಂದ ಒಂದು ಹೊಸ ಬಗೆಯ ಶಿಕ್ಷೆಯನ್ನು ತಂದರು. ವಿಮೆಯಿಲ್ಲದೆ ಗಾಡಿ ನಡೆಸುತ್ತಿದ್ದವನಿಗೆ ಬೇರೊಬ್ಬನ ತಪ್ಪಿನಿಂದಲೇ ಪೆಟ್ಟಾದರೂ, ಔಷಧದ ಖರ್ಚನ್ನೂ ಹೋದ ಸಂಬಳವನ್ನೂ ಮಾತ್ರ ಕೇಳಬಹುದು. ಪಟ್ಟ ನೋವಿಗೂ ಆದ ಅಂಗಹೀನತೆಗೂ ಏನನ್ನೂ ಕೇಳಕೂಡದು. ತಪ್ಪು ಮಾಡಿದವನು ಕುಡಿದು ನಡೆಸಿದನೆಂದು ಶಿಕ್ಷೆಯಾಗಿದ್ದರೆ ಮಾತ್ರ ಇದಕ್ಕೆ ಅಪವಾದ. ಕೊಡದವನು ಪಡೆಯಲೂ ಕೂಡದೆಂಬ ಈ ವಾದ ಚುನಾವಣೆಯಲ್ಲಿ ಗೆದ್ದುದರಲ್ಲಿ ವಿಚಿತ್ರವೇನೂ ಇಲ್ಲ. ಆದರೆ ಮೂರನೆಯವನ ಗಾಯಕ್ಕೆ ಹುಟ್ಟಿದ ಕಾಯಿದೆ ಇಲ್ಲಿ ಗಾಯಗೊಂಡವನ ಮೇಲೆಯೇ ಬಿದ್ದಿತು. ಉಳಿತಾಯವಾದುದು ತಪ್ಪು ಮಾಡಿದವನ ಕಂಪೆನಿಗೆ. ಅದೇ ಸಂಸ್ಥಾನದಲ್ಲಿ ಒಬ್ಬನ ಗಾಯಕ್ಕೆ 15,000 ಡಾಲರು, ಹಲವರಿಗೆ 30,000 ಎಂಬ ಕನಿಷ್ಠ ವಿಮೆಯ ಮೊತ್ತ 1967ರಿಂದ 2024ರ ಕೊನೆಯವರೆಗೆ ಕದಲದೆ ನಿಂತಿತ್ತು. 2025ರ ಜನವರಿಯಿಂದ ಅದು ಇಮ್ಮಡಿಯಾಯಿತು. ಆಸ್ಪತ್ರೆಯ ದರಗಳು ಅಷ್ಟು ಕಾಲ ಕಾದುಕೊಂಡಿರಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಬಡವರು ಕೊಳ್ಳಬಲ್ಲ ಅಗ್ಗದ ವಿಮೆಯ ಯೋಜನೆಯೊಂದನ್ನು ಅಲ್ಲಿಯ ಶಾಸನಸಭೆಯೇ 1999ರಲ್ಲಿ ಏರ್ಪಡಿಸಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು. ದಂಡದ ಬದಲು ಕಂತನ್ನೇ ಇಳಿಸಿದ ಈ ಕೆಲಸ ನಮಗೆ ಹೆಚ್ಚು ಮೆಚ್ಚಾಗಿ ತೋರುತ್ತದೆ.

ಇಷ್ಟೆಲ್ಲ ದಂಡನೆಗಳ ಮೇಲೆ ವಿಮೆಯಿಲ್ಲದವರು ಎಷ್ಟು ಮಂದಿ ಉಳಿದರು? ಅಲ್ಲಿಯ ವಿಮಾ ಸಂಶೋಧನ ಮಂಡಲಿಯು 2019ಕ್ಕೆ ಮಾಡಿದ ಅಂದಾಜಿನಂತೆ ಇಡೀ ದೇಶದಲ್ಲಿ ಎಂಟು ಮಂದಿ ಚಾಲಕರಲ್ಲಿ ಒಬ್ಬ. ನ್ಯೂ ಜರ್ಸಿಯಲ್ಲಿ ನೂರಕ್ಕೆ 3.1; ಮಿಸಿಸಿಪ್ಪಿಯಲ್ಲಿ ನೂರಕ್ಕೆ 29.4. ಎರಡು ಕಡೆಯೂ ವಿಮೆ ಕಡ್ಡಾಯವೇ. ಮಿಸಿಸಿಪ್ಪಿಯು ಆ ದೇಶದ ಅತ್ಯಂತ ಬಡ ಸಂಸ್ಥಾನಗಳಲ್ಲಿ ಒಂದೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇದಕ್ಕಿಂತ ಕುತೂಹಲಕರವಾದುದು ನ್ಯೂ ಹ್ಯಾಂಪ್‌ಶೈರಿನ ಸಂಗತಿ. ಅಲ್ಲಿ ಸಾಧಾರಣ ಚಾಲಕನಿಗೆ ವಿಮೆ ಇಂದಿಗೂ ಕಡ್ಡಾಯವಲ್ಲ; ಆದರೂ ವಿಮೆಯಿಲ್ಲದವರು ದೇಶದ ಸರಾಸರಿಗಿಂತ ಕಡಮೆ.

ವರ್ಜೀನಿಯದಲ್ಲಿ ಬಹುಕಾಲ ಒಂದು ಅಪೂರ್ವ ಪದ್ಧತಿಯಿದ್ದಿತು. ವಿಮೆ ಮಾಡಿಸಲು ಇಷ್ಟವಿಲ್ಲದವನು ವರ್ಷಕ್ಕೆ 500 ಡಾಲರುಗಳನ್ನು ಸರ್ಕಾರಕ್ಕೆ ಕಟ್ಟಿ ವಿಮೆಯಿಲ್ಲದೆಯೇ ಕಾಯಿದೆಬದ್ಧವಾಗಿ ಗಾಡಿ ನಡೆಸಬಹುದಾಗಿತ್ತು. ಅದರಿಂದ ಅವನಿಗೆ ಯಾವ ರಕ್ಷಣೆಯೂ ಇಲ್ಲ, ಅವನು ಗುದ್ದಿದವನಿಗೂ ನೇರವಾಗಿ ಏನೂ ಇಲ್ಲ. ಆ ಹಣವು ಒಂದು ನಿಧಿಗೆ ಸೇರಿ, ವಿಮೆಯಿಲ್ಲದವರಿಂದಾಗುವ ಹಾನಿಯ ವಿಮೆಯ ದರ ಇತರರಿಗೆ ತುಸು ಇಳಿಯಲೆಂದು ಕಂಪೆನಿಗಳಿಗೆ ಹಂಚಿಹೋಗುತ್ತಿತ್ತು. ಹಣ ಕಟ್ಟಿದವರಲ್ಲಿ ಕೆಲವರು ತಾವು ವಿಮೆಯನ್ನೇ ಕೊಂಡೆವೆಂದು ಭ್ರಮಿಸಿದ್ದರೂ ಆಶ್ಚರ್ಯವಿಲ್ಲ. 2023ರಲ್ಲಿ ಕಾಯಿದೆಯನ್ನು ತಿದ್ದಿ, 2024ರ ಜುಲೈ 1ರಿಂದ ಆ ಕಿಂಡಿಯನ್ನು ಮುಚ್ಚಿದರು.

ಅಂದಿನಿಂದ ಕಡ್ಡಾಯವಿಲ್ಲದೆ ಉಳಿದಿರುವುದು ನ್ಯೂ ಹ್ಯಾಂಪ್‌ಶೈರ್ ಒಂದೇ. ಆದರೆ ವಿಮೆ ಕೊಳ್ಳುವವನ ಪತ್ರದಲ್ಲಿ ವಿಮೆಯಿಲ್ಲದವನ ಗಾಡಿಯಿಂದ ಅವನಿಗಾಗುವ ಗಾಯಕ್ಕೂ ಪರಿಹಾರ ಸೇರಿರಬೇಕೆಂದು 1957ರಲ್ಲಿ ಎಲ್ಲರಿಗಿಂತ ಮೊದಲು ಕಾಯಿದೆ ಮಾಡಿದುದೂ ಆ ಸಂಸ್ಥಾನವೇ.